ಜ್ವಾಲೆ ಎದ್ದ ಹೊತ್ತು

"ನಿನ್ನ ಉಪಕರಣ, ಕೇಕು ನೀನೇ ಕತ್ತರಿಸ್ಬೇಕು," ಎನ್ನುತ್ತ, ಉಪಕರಣದ ಉಸ್ತುವಾರಿ ಹೊತ್ತಿದ್ದ ಕ್ಲೈವ್ ಚಾಕುವನ್ನು ವಿನಿಫ್ರೆಡ್‌ಳ ಕೈಗಿತ್ತ. ನಿನ್ನೆ ಸೂರ್ಯನಲ್ಲಿ ಭಾರಿ ಜ್ವಾಲೆ ಎದ್ದರೂ, ಬುಧಗ್ರಹವನ್ನು ಸುತ್ತುತ್ತಿರುವ ಅವಳ ಎಕ್ಸ್‌-ರೇ ಉಪಕರಣಕ್ಕೆ ಏನೂ ಆಗಿರಲಿಲ್ಲ. ಸಣ್ಣ ಖುಷಿಗೂ ಕೇಕು ತರುವ ಇಂಗ್ಲೆಂಡಿನ ಆ ಕಚೇರಿಗೆ ಇದು ಹಬ್ಬವೇ.

"ಮೊದ್ಲು ಹೇಳು, ಕಬ್ಬಿಣ ಕಾಣಿಸ್ತಾ?" ಎಂದು ಅವಳು ಕೇಳಿದಳು. ಮಾಮೂಲಿ ಬಿಸಿಲಿಗೆ ಬುಧನ ನೆಲದ ಕಬ್ಬಿಣ ತನ್ನ ಗುರುತು ಕೊಡುವುದಿಲ್ಲ. ದೊಡ್ಡ ಜ್ವಾಲೆಯ ಎಕ್ಸ್‌-ರೇ ಬಡಿದಾಗಷ್ಟೇ ಹೊಳೆಯುತ್ತದೆ. ಅಂಥದ್ದೊಂದು ಜ್ವಾಲೆಗಾಗಿ ಅವಳು ವರ್ಷಗಟ್ಟಲೆ ಕಾದಿದ್ದಳು.

"ಹೇಗೆ ಕಾಣಿಸುತ್ತೆ? ಮುನ್ಸೂಚನೆ ಸಿಕ್ಕಿದ್ದೇ ಆಫ್ ಮಾಡಿಸ್ದೆ. ಇಲ್ದಿದ್ರೆ ಸುಟ್ಟೋಗ್ತಿತ್ತಲ್ಲ ತಾಯಿ!"

ವಿನಿಫ್ರೆಡ್ ಚಾಕುವನ್ನು ಕೆಳಗಿಟ್ಟಳು. "ಜೋಪಾನ ಮಾಡೋದೇ ಆಗಿದ್ರೆ ನಮ್ಮನೆ ಕಪಾಟಲ್ಲಿ ಇಟ್ಕೋತಿದ್ದೆ ಕಣೋ! ಅಷ್ಟು ದೂರ ಕಳಿಸಿ, ನೋಡೋ ಹೊತ್ತಿಗೆ ಸರಿಯಾಗಿ ಕಣ್ಣು ಮುಚ್ಚಿಸಿದ್ಯಲ್ಲ!"

"ಸುಟ್ಟಿದ್ರೆ ಮೇಲಿನವರು ನನ್ನನ್ನ ಕೇಳ್ತಿದ್ರು."

"ನೋಡ್ದೇ ಇದ್ದಿದ್ದಕ್ಕೆ ಯಾರೂ ಕೇಳಲ್ಲ, ಅಲ್ವಾ?"

ಕ್ಲೈವ್ ಕೆಟ್ಟವನಲ್ಲ, ಹೆದರುವವನು. ಬೆಂಬಲಕ್ಕೆ ಸುತ್ತ ನೋಡಿದ. ತಟ್ಟೆ ಹಿಡಿದು ನಿಂತಿದ್ದವರೆಲ್ಲ ಒಬ್ಬೊಬ್ಬರಾಗಿ ಖಾಲಿ ತಟ್ಟೆಗಳನ್ನು ಮೇಜಿಗೆ ಮರಳಿಸಿದರು.

"ನಿನ್ನೆ ಜ್ವಾಲೆ ಎಬ್ಬಿಸಿದ ಸೂರ್ಯನ ಆ ಕಪ್ಪು ಕಲೆ ಇನ್ನೂ ಬುಧನ ಕಡೆಗೇ ಇದೆ, ಮತ್ತೆ ಜ್ವಾಲೆ ಏಳ್ಬಹುದು," ಎಂದಳು ವಿನಿಫ್ರೆಡ್. "ಈಗ್ಲೇ ಆನ್ ಮಾಡ್ಸು."

"ಸುಟ್ರೆ?"

"ನೋಡ್ತಾ ಸುಡ್ಲಿ."

ಕ್ಲೈವ್ ಕೇಕನ್ನು ಪಕ್ಕಕ್ಕೆ ಸರಿಸಿ, ಕೀಲಿಮಣೆಯನ್ನು ಮುಂದಕ್ಕೆಳೆದುಕೊಂಡ.