ಕೌಂಟರಿನ ಈಚೆ

"ಮಂದಿ ಅಂದುಕೊಂಡಂಗ ಅಲ್ಲಿನ ಬಾರಿನಾಗ ಕೆಟ್ಟದ್ದೇನೂ ಇಲ್ಲ," ಎಂದು ಚನ್ನಬಸಪ್ಪ ಹೆಂಡತಿಗೆ ಹೇಳಿಯೇಬಿಟ್ಟ. ಜಪಾನಿನ ಒಸಾಕಾದ ಟ್ರ್ಯಾಕ್ಟರ್ ಕಾರ್ಖಾನೆಯ ಕೆಲಸ ಮುಗಿಸಿ ಜಹೀರಾಬಾದಿಗೆ ಮರಳಿ ತಿಂಗಳಾಗಿತ್ತು. "ಹನ್ನೊಂದು ವರ್ಷ ಯೂಕೊ ಅನ್ನೋ ಹೆಂಗಸಿನ ಬಾರಿಗೆ ಹೋಗೀನಿ. ಆಕಿ ಕೌಂಟರಿನ ಆ ಕಡೆ, ನಾವು ಈ ಕಡೆ. ಗ್ಲಾಸ್ ತುಂಬಿ ಕೊಡ್ತಿದ್ಲು, ನಕ್ಕೋತ ನಮ್ಮ ಮಾತು ಕೇಳ್ತಿದ್ಲು. ರೊಕ್ಕ ಕೊಡೋದು ಅದಕ್ಕ. ಯಾರೂ ಯಾರನ್ನೂ ಮುಟ್ಟಂಗಿಲ್ಲ."

ಗ್ಯಾಸ್ ಕಟ್ಟೆಯ ಮುಂದೆ ನಿಂತಿದ್ದ ಪ್ರೇಮಲಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಏನು ಹೇಳ್ತಿದ್ರಿ ಆಕಿಗೆ?"

"ಎಲ್ಲಾ. ನಿನ್ನ ಮೊಣಕಾಲು ನೋವಿನ ಸುದ್ದಿ ಸೈತ. ಹೋದಾಗೊಮ್ಮೆ ಕೇಳ್ತಿದ್ಲು, ಮನ್ಯಾಕಿ ಕಾಲು ಈಗ ಹೆಂಗದ ಅಂತ."

ಈಗ ಪ್ರೇಮಲಾಳ ಕೈ ನಿಂತಿತು. ಆದರೆ ಮುಖದಲ್ಲಿ ಸಿಟ್ಟಿರಲಿಲ್ಲ. "ಪಾಪ," ಎಂದಳು. "ದಿನಾ ಅಷ್ಟೊತ್ತು ನಿಂತಾಕಿ. ಆಕಿ ಕಾಲು ನೋಯ್ತಿದ್ದಿಲ್ಲೇನ್ರಿ?"

ಚನ್ನಬಸಪ್ಪ ನೆನಪಿಸಿಕೊಳ್ಳಲು ನೋಡಿದ. ಯೂಕೊಳ ನಗು ನೆನಪಾಯಿತು, ಸೀಸೆ ಹಿಡಿದ ಬೆರಳುಗಳು ನೆನಪಾದವು. ಕೌಂಟರಿನ ಕೆಳಗಿದ್ದ ಕಾಲುಗಳನ್ನು ಅವನು ಒಮ್ಮೆಯೂ ನೋಡಿರಲಿಲ್ಲ. ತಲೆ ತಗ್ಗಿಸಿದ. ಎದುರಿಗೆ ಪ್ರೇಮಲಾ ಬಲಗಾಲನ್ನು ನೆಲಕ್ಕೆ ಪೂರ್ತಿ ಊರದೆ, ಮೈಭಾರವನ್ನೆಲ್ಲ ಎಡಗಾಲಿಗೆ ಹಾಕಿ ನಿಂತಿದ್ದಳು. ನೋಯುವುದು ಯಾವ ಮೊಣಕಾಲೆಂದು ಅವನಿಗೆ ಆಗಷ್ಟೇ ತಿಳಿಯಿತು.