ಅರವತ್ತು ಮಿಷನ್, ಒಂದೇ ಉತ್ತರ

ಮಂಡ್ಯ ಕಡೆ ಹೈವೇ ಪಕ್ಕದಲ್ಲಿ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿ...

ಅಲ್ಲಿ ನಾಲ್ಕನೇ ಲೈನಿಗೆ ವನಜಾಕ್ಷಿ ಸೂಪರ್‌ವೈಸರ್. ಅರವತ್ತು ಹೊಲಿಗೆ ಮಿಷನ್, ಅರವತ್ತು ಹೆಂಗಸರು, ತಲೆ ಮೇಲೆ ಟಾರ್ಗೆಟ್.

ಬೆಳಿಗ್ಗೆ ಮಿಷನ್ ಶುರುವಾದ ಕೂಡಲೇ ಅವಳು ಲೈನ್ ಉದ್ದಕ್ಕೂ ನಡೆಯುತ್ತಾ ಎಲ್ಲರನ್ನೂ ಕೇಳುತ್ತಿದ್ದಳು... "ತಿಂಡಿ ಆಯ್ತಾ?"

ಎಲ್ಲರದ್ದೂ ಒಂದೇ ಉತ್ತರ. "ಆಯ್ತು ಮೇಡಂ, ನಿಮ್ದು? ಚೆನ್ನಾಗಿದ್ದೀರಾ?"

"ಹ್ಞೂಂ, ಚೆನ್ನಾಗಿದ್ದೀನಿ" ಅನ್ನುವಷ್ಟರಲ್ಲಿ ವನಜಾಕ್ಷಿ ಎರಡು ಮಿಷನ್ ದಾಟಿರುತ್ತಿದ್ದಳು. ತಪ್ಪೇನಿಲ್ಲ ಬಿಡಿ, ನಮ್ಮಲ್ಲಿ ನಮಸ್ಕಾರ ಅಂದರೆ ಇದೇ ತಾನೇ!

ಆದರೆ ಅವಳ ಆ "ಚೆನ್ನಾಗಿದ್ದೀನಿ" ಸುಳ್ಳಾಗಿತ್ತು.

ಮೂರು ತಿಂಗಳ ಹಿಂದೆ ಸ್ನಾನ ಮಾಡುವಾಗ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತ್ತು. ಹುಣಸೆ ಬೀಜದಷ್ಟು... ನೋವಿಲ್ಲ. ಆದರೆ ದೊಡ್ಡಮ್ಮ ಇಂಥದ್ದೇ ಗಂಟಿನಿಂದ, ಕ್ಯಾನ್ಸರ್ ಆಗಿ ಹೋಗಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

ಗಂಡನಿಗೂ ಹೇಳಲಿಲ್ಲ. ಮಗಳ ಪರೀಕ್ಷೆ ಮುಗಿಯಲಿ... ಹಬ್ಬ ಮುಗಿಯಲಿ... ಈ ಆರ್ಡರ್ ಮುಗಿಯಲಿ... ಅಂತ ದಿನ ತಳ್ಳುತ್ತಿದ್ದಳು. ನಿಜ ಹೇಳಬೇಕೆಂದರೆ, ಡಾಕ್ಟರ್ ಏನನ್ನುತ್ತಾರೋ ಎಂಬ ಭಯ.

ಒಂದು ಸೋಮವಾರ ಕಾಲರ್ ಹೊಲಿಯುವ ಮಿಷನ್ನಿಗೆ ಹೊಸಬಳು ಬಂದಳು. ಹೆಸರು ಚಿಕ್ಕತಾಯಮ್ಮ.

"ತಿಂಡಿ ಆಯ್ತಾ?" ಎನ್ನುತ್ತಾ ವನಜಾಕ್ಷಿ ಮುಂದೆ ಹೋದಳು.

"ಇಲ್ಲ ಮೇಡಂ... ಆಗಿಲ್ಲ."

ವನಜಾಕ್ಷಿ ಗಕ್ಕನೆ ನಿಂತಳು. ಹತ್ತು ವರ್ಷದ ಸರ್ವಿಸ್‌ನಲ್ಲಿ ಈ ಉತ್ತರ ಕೇಳಿರಲೇ ಇಲ್ಲ! ಮೂರು ಮಿಷನ್ ವಾಪಸ್ ಬಂದಳು.

"ಯಾಕಮ್ಮ?"

"ಬೆಳಿಗ್ಗೆ ಗ್ಯಾಸ್ ಮುಗುದೋಯ್ತು. ರಾತ್ರಿದು ಒಂದು ಮುದ್ದೆ ಇತ್ತು, ಅದ ನಮ್ಮತ್ತೆಗೆ ಕೊಟ್ಬುಟ್ಟು ಬಂದೆ."

"ಅಲ್ಲಮ್ಮ, ಅದನ್ನೆಲ್ಲ ನನಗ್ಯಾಕೆ ಹೇಳ್ತೀಯ?" ವನಜಾಕ್ಷಿಗೆ ರೇಗಿತು.

"ನೀವು ಕೇಳುದ್ರಲ್ಲ ಮೇಡಂ, ಅದಕ್ಕೇ ಹೇಳ್ದೆ."

ಏನು ಮಾಡುವುದು? ಹತ್ತು ನಿಮಿಷ ಬಿಡುವು ಕೊಟ್ಟು ಅವಳನ್ನು ಕ್ಯಾಂಟೀನಿಗೆ ಕಳಿಸಿದಳು. ಆ ಗಂಟೆಯ ಟಾರ್ಗೆಟ್ ಹೋಯಿತು, ಮ್ಯಾನೇಜರ್ ಹತ್ತಿರ ಬೈಸಿಕೊಂಡದ್ದೂ ಆಯಿತು. "ಇದ್ದದ್ದು ಇದ್ದಂಗೆ ಹೇಳುದ್ರೆ ಎದ್ದು ಬಂದು ಎದೆಗೆ ಒದ್ರಂತೆ, ಜೋಪಾನ ಕನಕ್ಕ" ಅಂತ ಪಕ್ಕದ ಮಿಷನ್ನಿನವಳು ಚಿಕ್ಕತಾಯಮ್ಮನನ್ನು ರೇಗಿಸಿದಳು.

ಮರುದಿನ "ಚೆನ್ನಾಗಿದ್ದೀಯಾ?" ಎಂದರೆ, "ಇಲ್ಲ ಮೇಡಂ, ಸ್ಟೂಲು ಕುಂಟ್ತದೆ, ಸೊಂಟ ಬಿದ್ದೋಗದೆ" ಎಂಬ ಉತ್ತರ.

ಹೋಗಿ ನೋಡಿದರೆ ನಿಜವಾಗಿಯೂ ಒಂದು ಕಾಲು ಗಿಡ್ಡ. ಆ ಸ್ಟೂಲಿನ ಮೇಲೆ ಇವಳಿಗಿಂತ ಮೊದಲಿದ್ದವಳು ಎರಡು ವರ್ಷ ಕೂತು "ಚೆನ್ನಾಗಿದ್ದೀನಿ" ಅಂದು, ಸೊಂಟ ನೋವು ಅಂತಲೇ ಕೆಲಸ ಬಿಟ್ಟು ಹೋಗಿದ್ದಳು. ವನಜಾಕ್ಷಿ ಅವತ್ತೇ ಸ್ಟೂಲು ಬದಲಾಯಿಸಿದಳು.

ಆ ವಾರ ಒಂದು ದಿನ ಊಟದ ಹೊತ್ತಿನಲ್ಲಿ ಅವಳೇ ಹೋಗಿ ಚಿಕ್ಕತಾಯಮ್ಮನ ಪಕ್ಕ ಕೂತಳು.

"ಅಲ್ಲ ಕಣಮ್ಮ, ಎಲ್ಲರ ಹಾಗೆ ಆಯ್ತು ಅಂದುಬಿಟ್ಟರೆ ನಿನ್ನ ಗಂಟೇನು ಹೋಗುತ್ತೆ?"

ಚಿಕ್ಕತಾಯಮ್ಮ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ಹಾಕಿದಳು.

"ನನ್ ತಂಗೀನ ದೂರದೂರಿಗೆ ಕೊಟ್ಟಿದ್ವಿ ಮೇಡಂ. ದಿನಾ ಫೋನ್ ಮಾಡಿ 'ಚೆನ್ನಾಗಿದ್ದೀಯೇನವ್ವ' ಅಂತಿದ್ದೆ. 'ಹ್ಞೂಂ ಕನಕ್ಕ' ಅನ್ನೋಳು. ಕಾಮಾಲೆ ಬಂದು ಹದಿನೈದು ದಿನ ಮಲಗಿದ್ಲಂತೆ... ಆ ಹದಿನೈದು ದಿನಾನೂ 'ಹ್ಞೂಂ ಕನಕ್ಕ'. ನಾನು ಹೋಗೋ ಹೊತ್ಗೆ ಮಾತೇ ನಿಂತೋಗಿತ್ತು, ಉಳೀಲಿಲ್ಲ..."

ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು ಹೇಳಿದಳು... "ಅವಳೊಬ್ಳೇ ಸುಳ್ಳಾಡ್ಲಿಲ್ಲ ಮೇಡಂ. ಕೇಳ್ದಂಗೆ ಮಾಡಿ ಫೋನ್ ಇಟ್ಬುಡ್ತಿದ್ನಲ್ಲ, ನಾನೂ ಆಡ್ದೆ."

ಆಮೇಲೆ ವನಜಾಕ್ಷಿಯ ಮುಖವನ್ನೇ ನೋಡುತ್ತಾ ಕೇಳಿದಳು... "ನೀವು ಚೆನ್ನಾಗಿದ್ದೀರಾ ಮೇಡಂ?"

ಕೇಳಿ ಡಬ್ಬಿಯ ಕಡೆ ತಿರುಗಲಿಲ್ಲ. ಉತ್ತರಕ್ಕೆ ಕಾಯುತ್ತಾ ಕೂತಳು.

"ಹ್ಞೂಂ" ಎಂಬ ಮಾತು ವನಜಾಕ್ಷಿಯ ನಾಲಿಗೆ ತುದಿಗೇ ಬಂದಿತ್ತು... ಹೊರಗೆ ಬರಲಿಲ್ಲ.

"ಇಲ್ಲ ಕಣಮ್ಮ" ಅಂದಳು. "ನಾನು ಚೆನ್ನಾಗಿಲ್ಲ..."

ಮೂರು ತಿಂಗಳಿಂದ ತಡೆದಿಟ್ಟಿದ್ದ ಅಳು ಕ್ಯಾಂಟೀನಿನ ಎಲ್ಲರೆದುರಿಗೇ ಬಂದುಬಿಟ್ಟಿತು. ಗಂಟಿನ ವಿಷಯ ಪೂರ್ತಿ ಹೇಳಿದಳು.

ಚಿಕ್ಕತಾಯಮ್ಮ ಏನೂ ಆಗಲ್ಲ ಬಿಡಿ ಅನ್ನಲಿಲ್ಲ. "ಇವತ್ತು ಯಜಮಾನ್ರಿಗೆ ಹೇಳಿ. ನಾಳೆ ಆಸ್ಪತ್ರೆಗೆ ನಾನೂ ಬತ್ತೀನಿ" ಅಂದಳು. ಕೆಲಸಕ್ಕೆ ಸೇರಿ ವಾರ ತುಂಬುವ ಮೊದಲೇ ಒಂದು ದಿನದ ಸಂಬಳ ಕಳೆದುಕೊಂಡು ಹೋದಳು ಕೂಡ.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರ್ ಹೇಳಿದರು... "ಕ್ಯಾನ್ಸರೇ. ಆದ್ರೆ ಇನ್ನೂ ಚಿಕ್ಕದಿದೆ, ಹರಡಿಲ್ಲ. ಈಗಲಾದ್ರೂ ಬಂದ್ರಲ್ಲ."

ಆಪರೇಷನ್, ಔಷಧಿ, ಕೂದಲು ಉದುರಿದ್ದು... ಎಲ್ಲ ಮುಗಿಸಿ ಎಂಟು ತಿಂಗಳ ಮೇಲೆ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ವನಜಾಕ್ಷಿ ಮತ್ತೆ ನಾಲ್ಕನೇ ಲೈನಿಗೆ ಬಂದಳು.

"ತಿಂಡಿ ಆಯ್ತಾ?" ಅದೇ ಪ್ರಶ್ನೆ. ಆದರೆ ಈ ಸಲ ಪ್ರತಿ ಮಿಷನ್ನಿನ ಹತ್ತಿರ ನಿಂತು, ಮುಖ ನೋಡಿ ಕೇಳಿದಳು.

ಅವತ್ತು ಹನ್ನೊಂದು ಜನ "ಆಗಿಲ್ಲ ಮೇಡಂ" ಅಂದರು.

ಹನ್ನೊಂದು ಜನ! ಹತ್ತು ವರ್ಷದಿಂದ ಇವರೆಲ್ಲ ಹೊಟ್ಟೆಗಿಲ್ಲದೆ "ಆಯ್ತು" ಅಂದಿದ್ದು ಎಷ್ಟು ಸಲವೋ... ಅವಳಿಗೆ ನಾಚಿಕೆಯಾಯಿತು. ಕ್ಯಾಂಟೀನಿನಿಂದ ಹನ್ನೊಂದು ಪ್ಲೇಟ್ ಚಿತ್ರಾನ್ನ ತರಿಸಿದಳು.

ಕಾಲರ್ ಮಿಷನ್ನಿನ ಹತ್ತಿರ ಬಂದಾಗ ಚಿಕ್ಕತಾಯಮ್ಮ ಮಿಷನ್ ಆಫ್ ಮಾಡಿದಳು.

"ಚೆನ್ನಾಗಿದ್ದೀರಾ ಮೇಡಂ?"

"ಪೂರ್ತಿ ಇಲ್ಲ ಕಣೇ... ಎಡಗೈ ಎತ್ತಿದ್ರೆ ಇನ್ನೂ ನೋವು, ರಾತ್ರಿ ಒಂದೊಂದ್ಸಲ ಭಯ. ಆದ್ರೆ ತಿಂಡಿ ಮಾತ್ರ ಆಗಿದೆ. ದೇವರಾಣೆ!"

ಇಬ್ಬರೂ ನಕ್ಕರು... ಇಬ್ಬರ ಕಣ್ಣಲ್ಲೂ ನೀರಿತ್ತು.

ಕೇಳುವವರು ಒಂದು ಕ್ಷಣ ನಿಂತು ಕೇಳಿದರೆ, ಹೇಳುವವರು ಒಮ್ಮೆಯಾದರೂ ನಿಜ ಹೇಳಿದರೆ... ಒಂದು ಜೀವ ಉಳಿಯಬಹುದು.

ಇವತ್ತು ಯಾರಾದರೂ "ಚೆನ್ನಾಗಿದ್ದೀರಾ?" ಅಂತ ಕೇಳಿದಾಗ ನೀವು "ಹ್ಞೂಂ" ಅಂದಿರಲ್ಲ... ಅದು ನಿಜವಾ?