ಪಕ್ಕದ ಮನೆಯಲ್ಲಿಟ್ಟ ಚೀಲ

ನುಸಿಗುಳಿಗೆಯ ವಾಸನೆ ಬಂದರೆ ಈಗಲೂ ನಾನು ದುಬೈಗೆ ಹೊರಟು ನಿಂತ ಹುಡುಗಿಯಾಗುತ್ತೇನೆ.

ಅಪ್ಪಯ್ಯ ಅಲ್ಲಿಯ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಹಿಂದೊಮ್ಮೆ ರಜೆಗೆ ನಾವು ಅಲ್ಲಿಗೆ ಹೋದಾಗ ಅವರ ಜೊತೆ ಕೂತು ಊರ ನಡುವಿನ ಕೊಲ್ಲಿ ದಾಟಿದ ದೋಣಿ ನನ್ನ ಕನಸಿನಲ್ಲೂ ಬರುತ್ತಿತ್ತು. ಆ ಬೇಸಿಗೆ ಅಮ್ಮನ ಜೊತೆ ಮತ್ತೆ ಹೋಗುವುದೆಂದು ಕುಣಿಯುತ್ತಿದ್ದೆ.

“ದೋಣಿ ಕಾಂಬುಕೆ ದುಬೈಗ್ ಹೋಯ್ಕಾ ಹೆಣೆ?” ಎಂದು ದೋಣಿಗಳ ಊರಾದ ನಮ್ಮ ಗಂಗೊಳ್ಳಿಯಲ್ಲೇ ಹುಟ್ಟಿ ಬೆಳೆದ ಅಜ್ಜಿ ನಗುತ್ತಿದ್ದಳು.

ವಿಮಾನ ಇದ್ದದ್ದು ಮಂಗಳವಾರ. ಮಂಗಳವಾರ ಮನೆಯಿಂದ ಹೊರಡುವುದು ಒಳ್ಳೆಯದಲ್ಲವೆಂದು ಅಜ್ಜಿ ಭಾನುವಾರವೇ, ಅಟ್ಟದಿಂದ ಇಳಿಸಿದ ಚೀಲಕ್ಕೆ ನನ್ನ ಹೊಸ ಫ್ರಾಕ್ ತುಂಬಿ ಪಕ್ಕದ ಮನೆಯಲ್ಲಿ ಇಟ್ಟು ಬಂದಳು. ಚೀಲದ ತುಂಬ ನುಸಿಗುಳಿಗೆಯ ವಾಸನೆ.

“ಇನ್ ನೀವ್ ಹೊರಟ್ ಹಾಂಗೇ ಲೆಕ್ಕ” ಎಂದಳು. ಹೊರಟಾಗಿದ್ದರೆ ಇಲ್ಲಿ ಕೂತು ಗಂಜಿ ಉಣ್ಣುತ್ತಿರುವುದು ಯಾರೆಂದು ನನಗೆ ತಿಳಿಯಲಿಲ್ಲ.

ಸೋಮವಾರ ಮಧ್ಯಾಹ್ನ ಅಪ್ಪಯ್ಯನ ಫೋನ್ ಬಂತು. ಅಮ್ಮ ತುಂಬ ಹೊತ್ತು ಕೇಳಿಸಿಕೊಂಡು, “ಹೋಪುದ್ ಬ್ಯಾಡಂಬ್ರ್. ಅವ್ರೇ ಬತ್ರಂಬ್ರ್. ಇನ್ ಇಲ್ಲೇ ಇಪ್ಪುದಂಬ್ರ್” ಎಂದಳು.

ಮಗ ಊರಲ್ಲೇ ಇರಲಿ ಎಂದು ಅಜ್ಜಿ ದಿನಾ ದೇವರಿಗೆ ಕೈಮುಗಿಯುತ್ತಿದ್ದಳು. ಈಗ ಅವಳೂ ನಗಲಿಲ್ಲ. ಒಬ್ಬಳೇ ಚಪ್ಪಾಳೆ ತಟ್ಟಿದ ನಾನು ಅಮ್ಮನ ಮುಖ ನೋಡಿ ನಿಲ್ಲಿಸಿದೆ.

ಏನು ಮಾಡಬೇಕೆಂದು ತೋಚದೆ ಚೀಲ ತರಲು ಓಡಿದೆ.

“ಬ್ಯಾಡ ಹೆಣೆ!” ಅಜ್ಜಿ ಕೂಗಿದಳು. “ಹೊರಟದ್ದ್ ಹಾಂಗೇ ತಿರ್ಗಿ ಒಳಗ್ ಬಪ್ಪುಕಾಗ.”

ಮರುವಾರ ಅಪ್ಪಯ್ಯ ಬಂದರು. ಒಂದೇ ಸೂಟ್‌ಕೇಸ್ ಹಿಡಿದು, ಯಾರ ಮುಖವನ್ನೂ ನೋಡದೆ ಜಗಲಿ ಹತ್ತಿದರು. ಹೊರಟದ್ದು ಹಾಗೇ ತಿರುಗಿ ಒಳಗೆ ಬರಬಾರದೆಂಬ ಅಜ್ಜಿಯ ಮಾತು ನನಗೆ ನೆನಪಾಯಿತು. ಓಡಿ ಹೋಗಿ, ಎರಡೂ ಕೈ ಚಾಚಿ, ಬಾಗಿಲಿಗೆ ಅಡ್ಡ ನಿಂತೆ.